ಇನ್ನೊಂದು ಗ್ರಹದ ತಾಳಮದ್ದಳೆ

ಗರ್ರ್ ಢಬ್. ಗರ್ರ್ ಢಬ್. ಗರ್ರ್ ಢಬ್, ಕಟಕ್.

ಇದು ನಮ್ಮ ಕ್ಲಿನಿಕ್ಕಿನ ಹಳೆಯ ಮಿನಿಬಸ್ಸಿನ ಬಾಗಿಲಿನ ಸದ್ದು. ಮೂರು ಸಲ ಎಳೆದು ಬಡಿದರೆ ಮಾತ್ರ ಅದು ತನ್ನ ಜಾಗದಲ್ಲಿ ಕೂರುತ್ತಿತ್ತು. ಬೆಳಿಗ್ಗೆ ಆರೂಕಾಲಿಗೆ ಕುವೈತಿನ ಮಹಬೂಲಾದ ನಮ್ಮ ಬಿಲ್ಡಿಂಗಿನ ಕೆಳಗೆ ಈ ಸದ್ದಾದರೆ ನಾಲ್ಕನೇ ಮಹಡಿಯ ತನಕ ಯಾರಿಗೂ ಅಲಾರಾಂ ಬೇಕಾಗುತ್ತಿರಲಿಲ್ಲ. ಅದರ ಹಿಂದೆಯೇ ಡ್ರೈವರ್ ಸೀಟಿನಿಂದ ಒಂದು ಗಂಟಲು ಕೆಮ್ಮಿ ಸರಿಮಾಡಿಕೊಳ್ಳುತ್ತಿತ್ತು.

ಹತ್ತು ಹನ್ನೆರಡು ವರ್ಷಗಳ ಹಿಂದಿನ ಆ ಸದ್ದು ಕಳೆದ ಮಂಗಳವಾರ ನನ್ನ ಕಿವಿಯಲ್ಲಿ ಮತ್ತೆ ಕೇಳಿಸಿತು. ಎಲ್ಲಿ? ಜಾಬ್ರಿಯಾದ ಕಣ್ಣಿನ ಡಾಕ್ಟರರ ವೇಟಿಂಗ್ ರೂಮಿನಲ್ಲಿ.

ಡ್ರಾಪ್ಸ್ ಹಾಕುವ ಮೊದಲು ನಾಲ್ಕು ಪುಟ ಓದಿ ಮುಗಿಸೋಣ ಎಂದು ಕಾದಂಬರಿ ಬಿಡಿಸಿ ಕೂತಿದ್ದೆ. ಡ್ರಾಪ್ಸ್ ಬಿದ್ದರೆ ಮತ್ತೆ ಮೂರು ಗಂಟೆ ಲೋಕವೇ ಮಸುಕು. ಹೊಸದಾಗಿ ಸೇರಿದ ನರ್ಸ್ ಹುಡುಗಿ, ನಮ್ಮ ಕಡೆಯವಳೇ, ಪಕ್ಕಕ್ಕೆ ಬಂದು ಪ್ರೀತಿಯಿಂದ ಕೇಳಿದಳು.

"ಎಂತ ಓದುವುದು ಆಂಟಿ? ನೊವೆನಾ ಪ್ರಾರ್ಥನೆಯಾ?"

"ಇಲ್ಲ ಮಗಾ. ನಾನೀಗ ಬೇರೆ ಗ್ರಹದಲ್ಲಿ ಇದ್ದೇನೆ."

ಅವಳ ನಗು ಹಾಗೇ ನಿಂತುಬಿಟ್ಟಿತು. ನನ್ನ ಮೊಣಕೈ ಮೃದುವಾಗಿ ಹಿಡಿದು, ಇವತ್ತು ಯಾವ ವಾರ, ಜೊತೆಗೆ ಯಾರು ಬಂದಿದ್ದಾರೆ, ಬೆಳಿಗ್ಗೆ ತಿಂಡಿ ಆಯಿತೇ ಎಂದು ಒಂದೊಂದಾಗಿ ವಿಚಾರಿಸತೊಡಗಿದಳು. ಇನ್ನೊಂದು ಕೈ ಆಗಲೇ ಪೆನ್ ಹುಡುಕುತ್ತಿತ್ತು. (ಇಪ್ಪತ್ತು ವರ್ಷ ಮೆಡಿಕಲ್ ರೆಕಾರ್ಡ್ಸ್ ಸೆಕ್ಷನ್ನಿನಲ್ಲಿ ಫೈಲು ಕಟ್ಟಿದವಳು ನಾನು. ಯಾವ ನರ್ಸ್ ಯಾವ ಶಬ್ದ ಬರೆಯಲು ಪೆನ್ ಎತ್ತುತ್ತಿದ್ದಾಳೆ ಎಂದು ದೂರದಿಂದಲೇ ಹೇಳಬಲ್ಲೆ. ಇವಳು ಬರೆಯಲು ಹೊರಟದ್ದು ಕನ್‌ಫ್ಯೂಸ್ಡ್ ಎಂದು.)

ಪುಸ್ತಕದ ಕವರ್ ತೋರಿಸಿದೆ. ಕೆಂಪು ಮಣ್ಣು, ಎರಡು ಚಂದ್ರ, ಹೆಲ್ಮೆಟ್ ಹಾಕಿದ ಒಬ್ಬಳು ಹೆಂಗಸು. ಹುಡುಗಿ ನಾಚಿ ನಕ್ಕು ಓಡಿಹೋದಳು. ನನ್ನ ಮಗಳು ಮಾತ್ರ ಕಾರಿನಲ್ಲಿ ಮನೆಗೆ ಮುಟ್ಟುವ ತನಕ ಬಿಡಲಿಲ್ಲ. ಮಮ್ಮಿ, ಎಟ್ ಯುವರ್ ಏಜ್? ಸಮ್‌ಥಿಂಗ್ ಪೀಸ್‌ಫುಲ್ ಓದಬಾರದಾ?

ಇದಕ್ಕಿಂತ ಪೀಸ್‌ಫುಲ್ ಇನ್ನೇನಿದೆ? ಇಡೀ ಗ್ರಹದಲ್ಲಿ ಒಂದು ಹಾರ್ನ್ ಇಲ್ಲ.

ನನ್ನ ಈ ಹುಚ್ಚಿಗೆ ಕಾರಣ, ನೀವು ನಂಬಿದರೆ ನಂಬಿ, ಒಬ್ಬರು ಸಿಸ್ಟರ್. ಮಂಗಳೂರಿನ ಕಾನ್ವೆಂಟಿನಲ್ಲಿ ನಮ್ಮ ಲೈಬ್ರರಿ ಎಂದರೆ ಒಂದೇ ಗಾಜಿನ ಕಪಾಟು. ಕಾದಂಬರಿಗಳಿಗೆ ಬೀಗ, ಸಂತರ ಜೀವನ ಚರಿತ್ರೆಗಳಿಗೆ ಬೀಗವಿಲ್ಲ. ಯಾರೋ ದಾನ ಕೊಟ್ಟ ಪುಸ್ತಕಗಳ ರಾಶಿಯಲ್ಲಿ ನೀಲಿ ಆಕಾಶ, ಬಂಗಾರದ ನಕ್ಷತ್ರಗಳ ಕವರಿನ ಒಂದು ಪುಸ್ತಕವಿತ್ತು. ಸಿಸ್ಟರ್ ಅದನ್ನು ಸ್ವರ್ಗದ ಬಗ್ಗೆ ಎಂದುಕೊಂಡು ಸಂತರ ಪಕ್ಕದಲ್ಲಿ ಇಟ್ಟರು. ವರ್ಷಕ್ಕೊಮ್ಮೆ ಬರುವ ರಿಟ್ರೀಟಿನಲ್ಲಿ ಮೂರು ದಿನ ಮೌನ, ಕೈಯಲ್ಲಿ ಭಕ್ತಿಯ ಪುಸ್ತಕ ಮಾತ್ರ. ನಾನು ಹದಿನಾಲ್ಕನೇ ವಯಸ್ಸಿನಲ್ಲಿ ಆ ಮೂರು ದಿನ ಅದನ್ನೇ ಕಣ್ಣು ಕೀಳದೆ ಓದಿದೆ. ನನ್ನ ಏಕಾಗ್ರತೆ ನೋಡಿ ಮದರ್ ಸುಪೀರಿಯರ್ ನಮ್ಮ ಮನೆಗೆ ಹೇಳಿಕಳಿಸಿದರು, ಈ ಹುಡುಗಿಗೆ ವೊಕೇಶನ್, ಸಿಸ್ಟರ್ ಆಗುವ ದೇವರ ಕರೆ, ಇರಬಹುದು ಎಂದು.

ನನಗೆ ಈ ಸೈನ್ಸ್ ಫಿಕ್ಷನ್ ಕತೆಗಳಲ್ಲಿ ಯುದ್ಧ ಬೇಡ, ಲೇಸರ್ ಬೇಡ. ಇಳಿದ ಮೊದಲ ದಿನ ಬೇಕು. ಬಾಗಿಲು ತೆಗೆದಾಗ ಗಾಳಿ ಹೇಗಿತ್ತು? ನೀರು ಎಲ್ಲಿತ್ತು? ಮಣ್ಣು ಮುಟ್ಟಿದವರು ಯಾರು ಮೊದಲು? ಗಲ್ಫಿಗೆ ಬಂದ ಯಾರಿಗೂ ಇದನ್ನು ವಿವರಿಸಬೇಕಾಗಿಲ್ಲ. ನಾನು ಇಲ್ಲಿಗೆ ಬಂದ ದಿನ ಮಾಡಿದ ಮೊದಲ ಕೆಲಸ, ಫ್ಲಾಟಿನ ನಲ್ಲಿ ತಿರುಗಿಸಿ ನೀರು ರುಚಿ ನೋಡಿದ್ದು. ಜುಲೈ ತಿಂಗಳು. ತಣ್ಣೀರಿನ ನಲ್ಲಿಯಲ್ಲಿ ಬೆರಳು ಸುಡುವ ನೀರು. ಪಕ್ಕದ ಮನೆಯಾಕೆ ಬಂದು ಹೇಳಿಕೊಟ್ಟಳು: ಗೀಸರ್ ಆಫ್ ಮಾಡಿಡಿ, ಅದರಲ್ಲಿ ನಿಂತ ನೀರು ತಣ್ಣಗಾಗುತ್ತದೆ, ಸ್ನಾನಕ್ಕೆ ಅದನ್ನೇ ತೆಗೆದುಕೊಳ್ಳಿ. ಗೀಸರಿನಿಂದ ತಣ್ಣೀರು ತೆಗೆಯುವ ಊರು ಇನ್ನೊಂದು ಗ್ರಹವಲ್ಲದೆ ಮತ್ತೇನು?

ಇರಲಿ. ಮಿನಿಬಸ್ಸಿಗೆ ಬರುತ್ತೇನೆ.

ಅದು ಎರಡು ಸಾವಿರದ ನಾಲ್ಕನೇ ಇಸವಿ. ನನಗೆ ಐವತ್ತೆಂಟು. ಶುಕ್ರವಾರದ ಸಂತೆಯಲ್ಲಿ ಹಳೆಯ ಪುಸ್ತಕಗಳ ರಾಶಿಯಿಂದ ಒಂದು ದಪ್ಪ ಕಾದಂಬರಿ ಹೆಕ್ಕಿ ತಂದಿದ್ದೆ. ಮಹಬೂಲಾದಿಂದ ಜಾಬ್ರಿಯಾಕ್ಕೆ ಬೆಳಗಿನ ಟ್ರಾಫಿಕ್ಕಿನಲ್ಲಿ ಮುಕ್ಕಾಲು ಗಂಟೆ. ಅಷ್ಟೂ ಹೊತ್ತು ಓದುತ್ತಿದ್ದೆ. ಬಸ್ಸಿನಲ್ಲಿ ಎಂಟು ಜನ ಸ್ಟಾಫ್. ಅದರಲ್ಲಿ ಮೂವರನ್ನು ನಿಮಗೆ ಪರಿಚಯಿಸಿದರೆ ಸಾಕು.

ಲವೀನಾ, ಶಿರ್ವದ ಕಡೆಯ ನರ್ಸ್, ಇಪ್ಪತ್ತಾರರ ಹುಡುಗಿ, ನಾಲಿಗೆಗೆ ಮೂಳೆ ಇಲ್ಲ. ಜಯಂತಿ, ಲ್ಯಾಬಿನವಳು, ಸೀಟಿಗೆ ಒರಗಿದ ಕೂಡಲೇ ನಿದ್ರೆ. ಮತ್ತೆ ಡ್ರೈವರ್ ಶೀನಣ್ಣ, ಕಿನ್ನಿಗೋಳಿ ಹತ್ತಿರದ ತುಳುವರು, ನಲವತ್ತು ದಾಟಿದವರು, ಪೊದೆ ಮೀಸೆ. ಮೊದಲು ಸುಲೈಬಿಯಾದಲ್ಲಿ ಆಲೂಗಡ್ಡೆ ಕೋಲ್ಡ್ ಸ್ಟೋರೇಜಿನ ಟ್ರಕ್ ಓಡಿಸುತ್ತಿದ್ದರಂತೆ. ನಮ್ಮ ಬಸ್ಸಿಗೆ ಬಂದು ಒಂದು ವರ್ಷವಾಗಿತ್ತು. ಆ ಒಂದು ವರ್ಷದಲ್ಲಿ ಅವರ ಬಾಯಿಂದ ನಾನು ಕೇಳಿದ್ದು ಎರಡೇ ಶಬ್ದ. ಹೊರಡುವಾಗ ಯಲ್ಲಾ. ಮುಟ್ಟಿದಾಗ ಖಲಾಸ್.

ಬಸ್ಸಿನ ರೇಡಿಯೋ ಕೆಟ್ಟಿತ್ತು. ಲವೀನಾಳಿಗೆ ಬೇಸರ. ಅಷ್ಟು ದಪ್ಪದಲ್ಲಿ ಎಂತ ಉಂಟು, ಒಬ್ಬರೇ ಓದಿದರೆ ಪಾಪ ಬರುತ್ತದೆ, ನಮಗೂ ಹೇಳಿ ಎಂದು ಪೀಡಿಸಿದಳು. ಸರಿ, ಹೇಳತೊಡಗಿದೆ. ಕೊಂಕಣಿಯಲ್ಲಿ ಹೇಳಿದರೆ ಜಯಂತಿಗೆ ಆಗುವುದಿಲ್ಲ, ತುಳು ನನ್ನ ಬಾಯಲ್ಲಿ ಸೊಟ್ಟ. ಹಾಗಾಗಿ ಕನ್ನಡ.

ಕತೆ ಸರಳ. ಹನ್ನೊಂದು ಜನ ದೂರದ ಒಂದು ಗ್ರಹಕ್ಕೆ ಇಳಿದಿದ್ದಾರೆ. ಅಲ್ಲಿ ಗಾಳಿ ಯಾವಾಗಲೂ ಒಂದೇ ದಿಕ್ಕಿಗೆ ಬೀಸುತ್ತದೆ. ನಾಲ್ಕು ವರ್ಷ ಬದುಕಿದ್ದಾರೆ, ಏನೂ ಬೆಳೆಯಲಿಲ್ಲ. ಕೊನೆಗೆ ವಾಪಸು ಹೊರಡುವ ದಿನ ಗೊತ್ತಾಗಿದೆ. ಆ ದಿನ ತಪ್ಪಿದರೆ ಮತ್ತೆ ಹೊರಡುವಂತಿಲ್ಲ. ಅಷ್ಟರಲ್ಲಿ ಅವರ ಜೊತೆಗಿದ್ದ ವಯಸ್ಸಾದ ಸಸ್ಯಶಾಸ್ತ್ರಜ್ಞೆಯ ಸಸಿಮಡಿಯಲ್ಲಿ ಒಂದು ಹುರುಳಿ ಮೊಳಕೆ ಒಡೆಯುತ್ತದೆ. ನಾನು ಬರುವುದಿಲ್ಲ, ನೀವು ಹೋಗಿ ಎನ್ನುತ್ತಾಳೆ ಮುದುಕಿ. ಕ್ಯಾಪ್ಟನ್ ಬಿಡುವುದಿಲ್ಲ.

(ಇಷ್ಟೆಲ್ಲ ಆದರೂ ಆ ಗ್ರಹದಲ್ಲಿ ಯಾರ ಇಕಾಮಾವನ್ನೂ, ವಾಸದ ಪರ್ಮಿಟ್ಟನ್ನೂ, ಯಾರೂ ಕೇಳುವುದಿಲ್ಲ. ಅದೊಂದೇ ನನಗೆ ನಂಬಲು ಕಷ್ಟವಾದದ್ದು.)

ಅಜ್ಜಿ ಹೇಳುವುದು ಸರಿ ಉಂಟು, ಕ್ಯಾಪ್ಟನಿಗೆ ಗಿಡದ ವಿಷಯ ಎಂತ ಗೊತ್ತುಂಟು ಎಂದಳು ಲವೀನಾ. ಬಸ್ಸು ಫಹಾಹೀಲ್ ರಸ್ತೆಯಲ್ಲಿ ಆಮೆಯ ಹಾಗೆ ತೆವಳುತ್ತಿತ್ತು. ಆಗ ಡ್ರೈವರ್ ಸೀಟಿನಿಂದ ಒಂದು ಧ್ವನಿ ಎದ್ದಿತು.

"ಎಲೌ ವೃದ್ಧೆ! ನಿಲ್ಲಿಸು ನಿನ್ನ ಮಾತನ್ನು. ಹನ್ನೊಂದು ಜೀವಗಳನ್ನು ಅಂಗೈಯಲ್ಲಿಟ್ಟುಕೊಂಡು ನಕ್ಷತ್ರಗಳ ನಡುವೆ ನಡೆಸಿ ತಂದವನು ನಾನು. ಒಂದು ಹುರುಳಿ ಮೊಳಕೆಗಾಗಿ ಅವರನ್ನು ಇಲ್ಲಿ ಮಣ್ಣುಗೂಡಿಸಲೇ? ನಿನ್ನದು ವಿದ್ಯೆಯೋ, ವ್ಯಾಮೋಹವೋ?"

ಬಸ್ಸಿನಲ್ಲಿ ವೃದ್ಧೆ ಎಂದರೆ ನಾನೊಬ್ಬಳೇ.

ನನಗೆ ಸಿಟ್ಟು ನೆತ್ತಿಗೇರಿತು. ಒಂದು ವರ್ಷ ಬಾಯಿ ಬಿಡದ ಮನುಷ್ಯ, ಮೊದಲ ಸಲ ಬಿಟ್ಟರೆ ಇದನ್ನೇ? ಕಾನ್ವೆಂಟಿನ ಇಂಗ್ಲಿಷ್ ತಾನಾಗಿ ಬಂತು. ಶೀನಣ್ಣ, ಮೈಂಡ್ ಯುವರ್ ಲ್ಯಾಂಗ್ವೇಜ್, ನಾನು ಅಡ್ಮಿನಿಸ್ಟ್ರೇಟರಿಗೆ ರಿಪೋರ್ಟ್ ಮಾಡಬೇಕಾಗುತ್ತದೆ ಎಂದೆ. ಕನ್ನಡಿಯಲ್ಲಿ ಅವರ ಮುಖ ಬಿಳಿಚಿತು. ಲವೀನಾ ಹೊಟ್ಟೆ ಹಿಡಿದು ನಗುತ್ತಿದ್ದಳು.

"ಆಂಟಿ, ನಿಮಗಲ್ಲ ಮಾರಾಯ್ರೆ, ನನಗೆ ಹೇಳಿದ್ದು. ಅವರು ಕ್ಯಾಪ್ಟನ್, ನಾನು ಅಜ್ಜಿ. ಇದು ತಾಳಮದ್ದಳೆ."

ನನಗೇನು ಗೊತ್ತು? ಮಂಗಳೂರು ಪೇಟೆಯಲ್ಲಿ ಹುಟ್ಟಿ, ಪಿಯಾನೋ ಕ್ಲಾಸಿಗೆ ಹೋಗಿ ಬೆಳೆದವಳು. ನಮ್ಮ ಮನೆಯಿಂದ ಎರಡು ಮೈಲಿಯಲ್ಲಿ ನಡೆಯುತ್ತಿದ್ದ ತಾಳಮದ್ದಳೆಯನ್ನು ಐವತ್ತೆಂಟು ವರ್ಷ ಕೇಳಿರಲಿಲ್ಲ. ಶಿರ್ವದ ಲವೀನಾಳಿಗೆ ಅದು ಬಾಲ್ಯವಿಡೀ ಮೈಕಿನಲ್ಲಿ ಕಿವಿಗೆ ಬಿದ್ದದ್ದು. ಅವಳೇ ವಿವರಿಸಿದಳು. ಯಕ್ಷಗಾನದ ಕತೆಯೇ, ಆದರೆ ಬಣ್ಣವಿಲ್ಲ, ವೇಷವಿಲ್ಲ, ಕುಣಿತವಿಲ್ಲ. ಬಿಳಿ ಪಂಚೆ ಶಾಲಿನಲ್ಲಿ ಎದುರುಬದುರು ಕೂತು, ಭಾಗವತರು ಪದ್ಯ ಹೇಳಿದ ಮೇಲೆ, ಪಾತ್ರಧಾರಿಗಳು ಆ ಕ್ಷಣಕ್ಕೆ ಹೊಳೆದ ಮಾತಿನಲ್ಲಿ ವಾದ ಮಾಡುವುದು. ಅದಕ್ಕೆ ಅರ್ಥ ಹೇಳುವುದು ಎನ್ನುತ್ತಾರೆ. ಸೋಲು ಗೆಲುವು ಕತೆಯಲ್ಲಿ ಮೊದಲೇ ಬರೆದಿರುತ್ತದೆ.

"ಕತೆ ಬದಲಿಸ್ಲಿಕ್ಕೆ ಇಲ್ಲ ಬಾಯಮ್ಮ," ಎಂದರು ಶೀನಣ್ಣ ಕನ್ನಡಿಯಲ್ಲಿ ನನ್ನನ್ನು ನೋಡುತ್ತಾ, ತಪ್ಪೊಪ್ಪಿಕೊಳ್ಳುವವರ ಹಾಗೆ. "ಮಾತು ಮಾತ್ರ ನಮ್ಮದು."

ಮರುದಿನ ಬಾಗಿಲು ಮೂರು ಸಲ ಬಡಿದಾದ ಮೇಲೆ, ಕೆಮ್ಮು. ಆಮೇಲೆ ಮೆಲ್ಲಗೆ, ಎಲ್ಲಿಗೆ ಮುಟ್ಟಿತ್ತು ಬಾಯಮ್ಮ?

ಹಾಗೆ ನಾನು ಭಾಗವತಳಾದೆ. ದಿನಕ್ಕೆ ಎರಡು ಮೂರು ಪುಟ ಕತೆ. ಉಳಿದ ಹೊತ್ತು ವಾದ. ಕ್ಯಾಪ್ಟನ್ ಸ್ಟೀರಿಂಗಿನ ಹಿಂದೆ, ಅಜ್ಜಿ ಮೂರನೇ ಸಾಲಿನಲ್ಲಿ. ನೌಕೆಯ ಕಂಪ್ಯೂಟರಿನ ಪಾತ್ರ ಜಯಂತಿಗೆ. ಆಮ್ಲಜನಕ ಇನ್ನೆಷ್ಟು ದಿನಕ್ಕಿದೆ ಎಂದು ಕೇಳಿದರೆ ನಿದ್ರೆಯಲ್ಲೇ ಹದಿನೇಳು ಎನ್ನುತ್ತಿದ್ದಳು. ಎರಡು ತಿಂಗಳಾದರೂ ಹದಿನೇಳೇ. ಧೂಳು ಎದ್ದು ಮುಂದಿನ ಕಾರು ಕಾಣದ ದಿನಗಳಲ್ಲಂತೂ ಸೀನರಿ ಫ್ರೀ. ಒಂದೆರಡು ಸಲ ವಾದ ಮುಗಿಯಲಿಲ್ಲವೆಂದು ಶೀನಣ್ಣ ಕ್ಲಿನಿಕ್ಕಿನ ಗೇಟು ದಾಟಿ ಇನ್ನೊಂದು ಸುತ್ತು ಹಾಕಿಸಿದರು. ನಾನು ಜೀವನದಲ್ಲಿ ಕೆಲಸಕ್ಕೆ ಲೇಟಾದದ್ದು ಆಗ ಮಾತ್ರ.

ಎಷ್ಟು ಪುಸ್ತಕ ಓದಿದ್ದೇನೆ, ಯಾವುದನ್ನೂ ಹಾಗೆ ಅನುಭವಿಸಿದ್ದಿಲ್ಲ. ನಾನು ಸುಮ್ಮನೆ ದಾಟಿಹೋಗಿದ್ದ ಸಾಲನ್ನು ಶೀನಣ್ಣ ಹಿಡಿದು ನಿಲ್ಲಿಸುತ್ತಿದ್ದರು. ಕ್ಯಾಪ್ಟನ್ ರಾತ್ರಿ ನೌಕೆಯ ಬೋಲ್ಟುಗಳನ್ನು ಮುಟ್ಟಿ ನೋಡುತ್ತಾನೆ ಎಂದು ಅರ್ಧ ವಾಕ್ಯ ಇತ್ತು. ಅದರ ಮೇಲೆ ಅವರು ಮಿಶ್ರಿಫ್‌ನಿಂದ ಜಾಬ್ರಿಯಾದವರೆಗೆ ಮಾತಾಡಿದರು. ಬೇರೆಯವರ ಪ್ರಾಣ ಹೊತ್ತು ಓಡಿಸುವವನಿಗೆ ಮಾತ್ರ ಗೊತ್ತಂತೆ, ಬೋಲ್ಟು ಮುಟ್ಟುವುದು ಅನುಮಾನದಿಂದಲ್ಲ, ಪ್ರೀತಿಯಿಂದ ಎಂದು.

ಇಷ್ಟು ಮಾತು ಒಳಗಿಟ್ಟುಕೊಂಡವರು ಒಂದು ವರ್ಷ ಸುಮ್ಮನಿದ್ದದ್ದು ಏಕೆ?

ಉತ್ತರ ಬಂದದ್ದು ರಕ್ತ ಪರೀಕ್ಷೆಗೆ ಬಂದವರೊಬ್ಬರಿಂದ. ಇಲ್ಲಿಯ ನಮ್ಮ ಕರಾವಳಿಯವರ ಸಂಘದ ಸೆಕ್ರೆಟರಿ. ಬಸ್ಸಿನ ಬಳಿ ಶೀನಣ್ಣನನ್ನು ಕಂಡದ್ದೇ ತಡ, ಕೈ ಹಿಡಿದುಕೊಂಡು ಬಿಡಲಿಲ್ಲ. ಮುಂದಿನ ತಿಂಗಳು ಸಂಘದ ತಾಳಮದ್ದಳೆ. ಊರಿನಿಂದ ಇಬ್ಬರು ಅರ್ಥಧಾರಿಗಳು ಬರಬೇಕಿತ್ತು, ಒಬ್ಬರಿಗೆ ವೀಸಾ ಆಗಲಿಲ್ಲ. ಆ ಪಾತ್ರ ನೀವು ಮಾಡಬೇಕು ಎಂದು ಅವರ ಹಟ. ಆಗುವುದಿಲ್ಲ ಎಂದು ಶೀನಣ್ಣ ಬಸ್ಸಿನ ಕೆಳಗೆ ಏನೋ ಸೋರುತ್ತಿದೆಯೆಂಬಂತೆ ಬಗ್ಗಿ ಕೂತರು. ಏನೂ ಸೋರುತ್ತಿರಲಿಲ್ಲ.

ಆಮೇಲೆ ಸೆಕ್ರೆಟರಿಯೇ ಲವೀನಾಳಿಗೂ ನನಗೂ ಹೇಳಿದರು. ಊರಿನಲ್ಲಿ ಶೀನಣ್ಣ ಬೆಳೆಯುತ್ತಿದ್ದ ಅರ್ಥಧಾರಿ. ಒಂದು ಮಧ್ಯಾಹ್ನ, ಶಾಲೆಯ ಸಭಾಂಗಣದಲ್ಲಿ, ಹಿರಿಯ ಕಲಾವಿದರೊಬ್ಬರು ಪಾತ್ರದಲ್ಲಿದ್ದುಕೊಂಡೇ ಇವರಿಗೊಂದು ಪ್ರಶ್ನೆ ಎಸೆದರು. ಇವರಿಗೆ ಮಾತು ನಿಂತುಹೋಯಿತು. ಒಂದು ಅಕ್ಷರ ಬರಲಿಲ್ಲ. ಭಾಗವತರು ಮುಂದಿನ ಪದ್ಯ ಎತ್ತಿಕೊಂಡು ಮಾನ ಕಾಪಾಡಿದರು. ಆದರೆ ಊರು ಕಾಪಾಡುತ್ತದೆಯೇ? ಮರುದಿನದಿಂದ ಮೌನಿ ಶೀನ ಎಂಬ ಹೆಸರು ಬಿತ್ತು. ಚಾದಂಗಡಿಗೆ ಹೋದರೆ ಮೌನಿಗೊಂದು ಚಾ ಎನ್ನುತ್ತಿದ್ದರು. ಆರು ತಿಂಗಳಲ್ಲಿ ಅವರು ಕುವೈತಿನ ವಿಮಾನ ಹತ್ತಿದ್ದರು. ಜನ ದುಡಿಯಲು ಗಲ್ಫಿಗೆ ಬರುತ್ತಾರೆ. ಈ ಮನುಷ್ಯ ಸುಮ್ಮನಿರಲು ಬಂದದ್ದು.

ಸಮಸ್ಯೆ ಇನ್ನೂ ಒಂದಿತ್ತು. ಆ ಊರಿನವರೇ ನಲವತ್ತು ಐವತ್ತು ಜನ ಇಲ್ಲಿಯ ಹೋಟೆಲು, ಬೇಕರಿ, ಅಂಗಡಿಗಳಲ್ಲಿದ್ದರು. ಎಲ್ಲರೂ ಬರುತ್ತಾರೆ. ಮತ್ತೊಮ್ಮೆ ಮಾತು ನಿಂತರೆ ಆ ಹೆಸರು ಸಮುದ್ರ ದಾಟಿ ಇಲ್ಲಿಗೂ ಬರುತ್ತದೆ. ಮತ್ತೆ ಅವರು ಓಡಿಹೋಗುವುದಕ್ಕೆ ಇನ್ನೊಂದು ದೇಶ ಹುಡುಕಬೇಕು.

ಒಪ್ಪಿಸಿದ್ದು ಲವೀನಾ. ಹೇಗೆ ಎಂದು ಕೇಳಬೇಡಿ. ಮೂರು ದಿನ ಬಸ್ಸಿನಲ್ಲಿ ಅವಳು ಉಪವಾಸ ಸತ್ಯಾಗ್ರಹದ ಹಾಗೆ ಮಾತು ಬಿಟ್ಟಳು. ನಾಲ್ಕನೇ ದಿನ ಶೀನಣ್ಣ ಸರಿ ಎಂದರು.

ಪ್ರಸಂಗ ಯಾವುದು? ಯುದ್ಧದ ಮುನ್ನಾದಿನ. ಜಾಣ ದೂತನೊಬ್ಬ ಎದುರು ಪಕ್ಷದ ವೀರನನ್ನು ಪಕ್ಕಕ್ಕೆ ಕರೆದು, ನೀನು ಹುಟ್ಟಿದ್ದು ನಮ್ಮವರ ಹೊಟ್ಟೆಯಲ್ಲಿ, ನಿನ್ನ ತಮ್ಮಂದಿರು ನಮ್ಮ ಕಡೆ ಇದ್ದಾರೆ, ಬಾ ಎನ್ನುತ್ತಾನೆ. ವೀರ, ಬರುವುದಿಲ್ಲ, ಅನ್ನ ಕೊಟ್ಟವನ ಜೊತೆ ಇರುತ್ತೇನೆ ಎನ್ನುತ್ತಾನೆ. (ಹೆಸರು ಹೇಳಬೇಕೇ? ನಮ್ಮ ಕಡೆಯವರು ಆಗಲೇ ಪದ್ಯ ಗುನುಗುತ್ತಿರಬೇಕು.) ಶೀನಣ್ಣನದು ಆ ವೀರನ ಪಾತ್ರ.

ಆಗ ನನಗೆ ಹೊಳೆಯಿತು. ಬಾ ಎನ್ನುವವನು, ಬರುವುದಿಲ್ಲ ಎನ್ನುವವನು. ಇದು ನಮ್ಮ ಗ್ರಹದ ವಾದವೇ ಅಲ್ಲವೇ? ಆದರೆ ಇಷ್ಟು ದಿನ ಶೀನಣ್ಣ ಬಾ ಎನ್ನುವ ಕಡೆ ಇದ್ದರು. ಹಾಗಾದರೆ ಪಾತ್ರ ಬದಲಿಸಿಕೊಳ್ಳಿ ಎಂದೆ. ನಾಳೆಯಿಂದ ಲವೀನಾ ಕ್ಯಾಪ್ಟನ್. ಶೀನಣ್ಣ ಅಜ್ಜಿ.

ಆ ಪೊದೆ ಮೀಸೆಯ ಅಜ್ಜಿಯನ್ನು ನೀವು ನೋಡಬೇಕಿತ್ತು. ಮೊದಲ ದಿನ ನಾಚಿಕೆ. ಎರಡನೇ ದಿನ ತೊದಲು. ವಾರ ಕಳೆಯುವಷ್ಟರಲ್ಲಿ ಬಸ್ಸಿನಲ್ಲಿ ಜಯಂತಿಯೂ ಎಚ್ಚರ. ಮೊಳಕೆಗೆ ಗಾಳಿ ತಾಗಬಾರದೆಂದು ಅವರು ಡ್ಯಾಶ್‌ಬೋರ್ಡಿನ ಎಸಿಯನ್ನು ಕೈಯಿಂದ ಆ ಕಡೆ ತಿರುಗಿಸುತ್ತಿದ್ದರು. ಇಲ್ಲದ ಮೊಳಕೆ!

ಆಮೇಲೆ ಒಂದು ಬುಧವಾರ ಅದು ಆಯಿತು. ಜಾಬ್ರಿಯಾದ ಸಿಗ್ನಲಿನಲ್ಲಿ ನಿಂತಿದ್ದೆವು. ಲವೀನಾ ಒಳ್ಳೆ ಹುಮ್ಮಸ್ಸಿನಲ್ಲಿದ್ದಳು. ಪುಸ್ತಕದಲ್ಲಿ ಇಲ್ಲದ ಪ್ರಶ್ನೆಯೊಂದನ್ನು ಎತ್ತಿದಳು.

"ಗಿಡಕ್ಕೆ ನೀನು ಬೇಕು, ಒಪ್ಪಿದೆ. ಆದರೆ ಅಜ್ಜಿ, ನಿನಗೆ ಯಾರು ಬೇಕು?"

ಶೀನಣ್ಣ ಬಾಯಿ ತೆರೆದರು. ಮಾತು ಬರಲಿಲ್ಲ.

ಹಸಿರು ಬಿತ್ತು. ಹಿಂದಿನ ಕಾರುಗಳು ಹಾರ್ನ್ ಹೊಡೆದವು. ಪಕ್ಕದವನು ಕಿಟಕಿ ಇಳಿಸಿ ಅರಬಿಯಲ್ಲಿ ಏನೋ ಕೂಗಿದ. ಶೀನಣ್ಣನ ಎರಡೂ ಕೈ ಸ್ಟೀರಿಂಗಿನ ಮೇಲೆ ಹಾಗೇ ಇದ್ದವು. ಮತ್ತೆ ಕೆಂಪು ಬಿತ್ತು. ಆಮೇಲೆ ಅವರು ನಮ್ಮನ್ನು ಗೇಟಿನಲ್ಲಿ ಇಳಿಸಿ, ಯಾರ ಮುಖವನ್ನೂ ನೋಡದೆ, ಖಲಾಸ್ ಎಂದರು. ಅದು ಬಸ್ಸಿಗೆ ಹೇಳಿದ ಖಲಾಸ್ ಅಲ್ಲ ಎಂದು ನಮಗೆಲ್ಲ ಗೊತ್ತಾಯಿತು. ಲವೀನಾ ಡ್ಯೂಟಿ ರೂಮಿನಲ್ಲಿ ಅತ್ತಳಂತೆ.

ಗುರುವಾರ ಬಸ್ಸಿನಲ್ಲಿ ಮಾತಿಲ್ಲ. ನನ್ನ ಮನಸ್ಸಿನಲ್ಲಿ ಒಂದೇ ಚುಚ್ಚು. ಸುಮ್ಮನಿದ್ದ ಮನುಷ್ಯನನ್ನು ಎಬ್ಬಿಸಿದ್ದು ಯಾರು? ನನ್ನ ಪುಸ್ತಕ. ಆರಾಮವಾಗಿ ಯಲ್ಲಾ ಖಲಾಸ್ ಎಂದುಕೊಂಡು ಇದ್ದರಲ್ಲ.

ಶುಕ್ರವಾರ ಇಗರ್ಜಿಯಿಂದ ಬಂದವಳೇ ಕಾದಂಬರಿಯ ಉಳಿದ ಭಾಗವನ್ನು ಒಂದೇ ಉಸಿರಿಗೆ ಓದಿದೆ. ಇನ್ನೂರ ಹನ್ನೆರಡನೇ ಪುಟದಲ್ಲಿ ನಿಂತೆ. ಪೆನ್ಸಿಲಿನಲ್ಲಿ ಗೆರೆ ಹಾಕಿದೆ. (ಪುಸ್ತಕದಲ್ಲಿ ಗೆರೆ ಹಾಕುವುದು ಕಾನ್ವೆಂಟಿನ ಪ್ರಕಾರ ಪಾಪ. ಹಾಕಿದೆ.)

ಶನಿವಾರ, ವಾರದ ಮೊದಲ ದಿನ, ಎಲ್ಲರಿಗಿಂತ ಮೊದಲೇ ಕೆಳಗಿಳಿದು ಬಸ್ಸಿನ ಮುಂದಿನ ಸೀಟಿನಲ್ಲಿ ಕೂತೆ. ಶೀನಣ್ಣ, ಇದನ್ನು ಕೇಳಿ ಎಂದು ಕನ್ನಡದಲ್ಲಿ ಓದಿ ಹೇಳಿದೆ. ಕೊನೆಯ ದಿನ ಕ್ಯಾಪ್ಟನ್ ಮಡಿಯ ಬಳಿ ಬಂದು ಕೇಳುತ್ತಾನೆ, ನಾವೆಲ್ಲ ಹೋದ ಮೇಲೆ ನೀನು ಯಾರೊಡನೆ ಮಾತಾಡುವೆ ಎಂದು. ಮುದುಕಿ ಉತ್ತರ ಕೊಡುವುದಿಲ್ಲ. ನೀರಿನ ಡಬ್ಬಿ ಎತ್ತಿಕೊಳ್ಳುತ್ತಾಳೆ. ಒಂದು ಸಾಲು ಮುಗಿಸುತ್ತಾಳೆ. ಎರಡನೇ ಸಾಲು ಮುಗಿಸುತ್ತಾಳೆ. ಪುಟದ ಅರ್ಧ ಅವಳು ಬರೀ ನೀರು ಹಾಕುತ್ತಾಳೆ.

ಶೀನಣ್ಣ ನನ್ನ ಕಡೆಗೆ ತಿರುಗಿದರು.

"ಮಾತಾಡುವುದಿಲ್ವಾ ಅವಳು?"

"ಆಮೇಲೆ ಮಾತಾಡುತ್ತಾಳೆ. ಆದರೆ ಮೊದಲು ಇಲ್ಲ."

"ಅದು ಪುಸ್ತಕದಲ್ಲೇ ಉಂಟಾ?"

"ಪ್ರಿಂಟ್ ಆಗಿ ಉಂಟು."

"ಹಾಗಾದ್ರೆ ಅದು ತಪ್ಪಿದ್ದಲ್ಲ ಬಾಯಮ್ಮ. ಅದು ಅವಳ ಅರ್ಥ."

ಅಷ್ಟು ಹೇಳಿ ಕೆಳಗಿಳಿದು ಬಾಗಿಲು ತೆಗೆಯಲು ಹೋದರು. ಉಳಿದವರು ಬರುತ್ತಿದ್ದರು.

ತಾಳಮದ್ದಳೆಯ ಶುಕ್ರವಾರ ಬಂತು. ಅಬ್ಬಾಸಿಯಾದ ಒಂದು ಶಾಲೆಯ ಹಾಲ್. ನಾನು, ಲವೀನಾ, ಜಯಂತಿ ಮಧ್ಯಾಹ್ನ ಮೂರಕ್ಕೇ ಹೋಗಿ ಎರಡನೇ ಸಾಲಿನಲ್ಲಿ ಕೂತೆವು. ಹಾಲ್ ತುಂಬ ಬಿಳಿ ಅಂಗಿಯ ಗಂಡಸರು. ಬೇಕರಿಯ ಕೆಲಸ ಮುಗಿಸಿ ನೇರ ಬಂದವರ ಕೂದಲಲ್ಲಿ ಇನ್ನೂ ಮೈದಾ. ನಮ್ಮ ಹಿಂದೆ ಕೂತ ಇಬ್ಬರು ತುಳುವಿನಲ್ಲಿ ಮಾತಾಡಿಕೊಳ್ಳುತ್ತಿದ್ದರು. ನನ್ನ ಸೊಟ್ಟ ತುಳುವಿಗೂ ಅರ್ಥವಾಗುವಷ್ಟು ಸುಲಭದ ಮಾತು. ಇವತ್ತು ಮೌನಿಯಂತೆ ಅರ್ಥ ಹೇಳುವುದು, ಗಡಿಯಾರ ನೋಡಿಟ್ಟುಕೋ ಎಂದು. ಲವೀನಾ ತಿರುಗಿ ಅವರನ್ನು ನೋಡಿದ ನೋಟಕ್ಕೆ ಇಬ್ಬರೂ ಕುರ್ಚಿ ಬದಲಿಸಿದರು.

ಶೀನಣ್ಣ ಬಿಳಿ ಪಂಚೆಯಲ್ಲಿ, ಶಾಲು ಹೊದ್ದು, ಮೈಕಿನ ಮುಂದೆ ಕೂತರು. ಸ್ಟೀರಿಂಗ್ ಇಲ್ಲದ ಅವರ ಕೈಗಳು ಎಲ್ಲಿರಬೇಕೆಂದು ತಿಳಿಯದೆ ಒದ್ದಾಡುತ್ತಿದ್ದವು. ಎದುರಿಗೆ ಊರಿನಿಂದ ಬಂದ ಹಿರಿಯರು. ಚೆಂಡೆ, ಮದ್ದಳೆ, ಪದ್ಯ. ಒಂದು ಗಂಟೆ ಚೆನ್ನಾಗಿ ಹೋಯಿತು. ಆಗ ಆ ಹಿರಿಯರು ಧ್ವನಿ ತಗ್ಗಿಸಿ ಕೇಳಿದರು. ಅಯ್ಯಾ, ಹೆತ್ತವಳು ಅಲ್ಲಿದ್ದಾಳೆ, ಒಡಹುಟ್ಟಿದವರು ಅಲ್ಲಿದ್ದಾರೆ. ಇಲ್ಲಿ ನಿನಗೆ ಯಾರಿದ್ದಾರೆ?

ಶೀನಣ್ಣ ಸುಮ್ಮನಾದರು.

ಎಲ್ಲೋ ಒಂದು ಕುರ್ಚಿ ಕಿರುಗುಟ್ಟಿತು. ಹಿಂದಿನಿಂದ ಒಂದು ನಗು ಹೊರಟು ಅರ್ಧಕ್ಕೆ ನಿಂತಿತು. ಭಾಗವತರ ಕೈ ತಾಳದ ಮೇಲೆ ಹೋಯಿತು, ಮಾನ ಕಾಪಾಡಲು. ಲವೀನಾ ನನ್ನ ಕೈ ಹಿಡಿದುಕೊಂಡಿದ್ದಳು, ಬಳೆ ಒಳಗೆ ಒತ್ತುವಷ್ಟು. ಇದು ಮರೆವೋ, ಇನ್ನೂರ ಹನ್ನೆರಡನೇ ಪುಟವೋ? ನನಗೆ ಗೊತ್ತಿರಲಿಲ್ಲ. ದೇವರ ಮೇಲಾಣೆ ಗೊತ್ತಿರಲಿಲ್ಲ.

ಆಗ ಶೀನಣ್ಣ ಭಾಗವತರ ಕಡೆ ಬೆರಳೆತ್ತಿದರು, ಒಂದು ಕ್ಷಣ ತಾಳಿ ಎನ್ನುವ ಹಾಗೆ. ಆಮೇಲೆ, ಹಿಂದಿನ ಸಾಲಿಗೂ ಕೇಳಿಸುವ ಮೆಲುದನಿಯಲ್ಲಿ:

"ಹುಟ್ಟಿದ ನೆಲ ಯಾವುದೆಂದು ಇಂದು ಹೇಳಿದೆ. ಸಂತೋಷ. ಆದರೆ ಬೇರು ಇಳಿದ ಮೇಲೆ ಹೇಳಿದೆ, ಮಹಾನುಭಾವ. ಈಗ ಕಿತ್ತರೆ ನೀನು ಹೊತ್ತುಕೊಂಡು ಹೋಗುವುದು ಗಿಡವನ್ನಲ್ಲ. ಸೌದೆಯನ್ನು."

ಚಪ್ಪಾಳೆ ಕೂಡಲೇ ಬರಲಿಲ್ಲ. ಆ ಹಾಲಿನಲ್ಲಿ ಇದ್ದವರು ಯಾರು ಎಂದು ಯೋಚಿಸಿ. ಇಪ್ಪತ್ತು ವರ್ಷ, ಇಪ್ಪತ್ತೈದು ವರ್ಷ ಇಲ್ಲಿ ದುಡಿದವರು. ಪ್ರತಿ ರಜೆಯಲ್ಲೂ, ಯಾವಾಗ ಬಂದೆ ಎಂಬ ಪ್ರಶ್ನೆಯ ಬೆನ್ನಿಗೇ ಯಾವಾಗ ಹೋಗುವುದು ಎಂದು ಕೇಳಿಸಿಕೊಳ್ಳುವವರು. ನನ್ನ ಪಕ್ಕದ ಸಾಲಿನ ಒಬ್ಬ ದಪ್ಪ ಹೋಟೆಲಿನವರು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿಕೊಂಡರು. ಆಮೇಲೆ ಬಂತು ಚಪ್ಪಾಳೆ. ಎದುರಿನ ಹಿರಿಯರೇ ಮೊದಲು ತಟ್ಟಿದರು ಎಂದು ಲವೀನಾ ಹೇಳುತ್ತಾಳೆ. ನನಗೆ ಆಗ ಎದುರೇನೂ ಸರಿಯಾಗಿ ಕಾಣುತ್ತಿರಲಿಲ್ಲ. ಯಾವ ಡ್ರಾಪ್ಸೂ ಹಾಕಿರಲಿಲ್ಲ.

ಮುಗಿದ ಮೇಲೆ, ಚಹಾ ಕುಡಿಯುವಾಗ, ನಾನು ಬಿಡಲಿಲ್ಲ. ಆ ಮೌನ ನಿಜವಾಗಿ ಏನು ಎಂದು ಕೇಳಿದೆ. ಶೀನಣ್ಣ ಆಚೀಚೆ ನೋಡಿ ನನ್ನ ಕಿವಿಯ ಬಳಿ ಬಗ್ಗಿದರು.

"ಅರ್ಧ ಮರೆತದ್ದು ಬಾಯಮ್ಮ. ಉಳಿದ ಅರ್ಧ ಪಾತ್ರ."

ಇದನ್ನೆಲ್ಲ ನನ್ನ ಮಗಳಿಗೆ ಹೇಳಿದರೆ, ಮಮ್ಮಿ, ಇದು ತಾಳಮದ್ದಳೆಯ ಕತೆ, ಸೈನ್ಸ್ ಫಿಕ್ಷನ್ ಎಲ್ಲಿ ಬಂತು ಎನ್ನುತ್ತಾಳೆ. ಇರಬಹುದು. ಆದರೆ ಬೇರೆ ಗ್ರಹದ ಮೇಲೆ ನಿಂತು ಮಾತಾಡಿ ಅಭ್ಯಾಸವಾದ ಮೇಲೆಯೇ ಆ ಮನುಷ್ಯನಿಗೆ ತನ್ನ ಊರಿನವರ ಮುಂದೆ ಮಾತು ಬಂತು. ಅಷ್ಟು ದೂರ ಹೋದರೆ ನಾಚಿಕೆ ಕೂಡ ಹಿಂದೆ ಉಳಿಯುತ್ತದೆಯೋ ಏನೋ. ಆರಾಮ ಕುರ್ಚಿಯಲ್ಲಿ ಪೀಸ್‌ಫುಲ್ ಪುಸ್ತಕ ಓದಿದವರಿಗೆ ಹಾಗೆ ಆದದ್ದನ್ನು ನಾನಂತೂ ನೋಡಿಲ್ಲ.

ಲವೀನಾ ಈಗ ಐರ್ಲೆಂಡಿನಲ್ಲಿದ್ದಾಳೆ. ಜಯಂತಿ ಉಡುಪಿಯಲ್ಲಿ, ಇನ್ನೂ ನಿದ್ರೆ ಮಾಡುತ್ತಾಳಂತೆ. ಕ್ಲಿನಿಕ್ಕು ಬಸ್ಸು ಮಾರಿತು. ಶೀನಣ್ಣ ಬೇರೆ ಕಂಪನಿಗೆ ಹೋದರು. ಆಮೇಲೆ ಊರಿಗೇ ಹೋದರು ಎಂದು ಕೇಳಿದೆ.

ನಾನು ಅವರನ್ನು ಕೊನೆಯ ಸಲ ನೋಡಿದ್ದು ಎರಡು ಸಾವಿರದ ಎಂಟರಲ್ಲಿ, ಕುವೈತ್ ಏರ್‌ಪೋರ್ಟಿನಲ್ಲಿ. ನನ್ನದು ಮಂಗಳೂರಿನ ವಿಮಾನ, ಅವರದು ಬೊಂಬಾಯಿಯದ್ದಿರಬೇಕು. ನನ್ನ ಗೇಟಿನಲ್ಲಿ ಕ್ಯೂ ಎದ್ದಿತ್ತು. ಆಚೆ ಗೇಟಿನ ಕುರ್ಚಿಗಳಲ್ಲಿ, ರಜೆಗೆ ಹೊರಟ ಏಳೆಂಟು ಕೆಲಸಗಾರರು ಬ್ಯಾಗುಗಳ ಮೇಲೆ ಬಗ್ಗಿ ಕೂತಿದ್ದರು, ಅವರ ನಡುವೆ ಶೀನಣ್ಣ. ಮೀಸೆ ನರೆತಿತ್ತು. ಒಂದು ಕೈ ಗಾಳಿಯಲ್ಲಿತ್ತು. ಒಬ್ಬ ಎದ್ದು ನಿಂತು ಅವರಿಗೆ ಎದುರು ವಾದಿಸುತ್ತಿದ್ದ, ಉಳಿದವರು ಚಪ್ಪಾಳೆ ತಟ್ಟುತ್ತಿದ್ದರು. ಏನು ಮಾತು ಎಂದು ಅಷ್ಟು ದೂರಕ್ಕೆ ಕೇಳಿಸಲಿಲ್ಲ. ನನ್ನ ಸರದಿ ಹತ್ತಿರ ಬಂತು. ಕೈ ಎತ್ತಿದೆ, ಶೀನಣ್ಣ ಎಂದು ಕೂಗಲು ಬಾಯಿಯನ್ನೂ ತೆರೆದೆ. ಅಷ್ಟರಲ್ಲಿ ಅವರು ಎದುರಾಳಿಗೆ ಉತ್ತರ ಕೊಡಲು ಬೆನ್ನು ನೆಟ್ಟಗೆ ಮಾಡಿ, ಇಲ್ಲದ ಶಾಲನ್ನು ಹೆಗಲ ಮೇಲೆ ಸರಿಮಾಡಿಕೊಂಡರು. ನಾನು ಕೈ ಇಳಿಸಿದೆ.

ಪಾತ್ರದಲ್ಲಿ ಕೂತವರನ್ನು ಯಾರಾದರೂ ಮನೆಯ ಹೆಸರು ಹಿಡಿದು ಕರೆಯುತ್ತಾರೆಯೇ?